ಅರ್ಥಶಾಸ್ತ್ರಜ್ಞರ ಪಡಿತರ

ಮಾರುಕಟ್ಟೆಯ ಮೇಲೆ ಅಪಾರ ನಂಬಿಕೆ ಇಟ್ಟವರು ಅರ್ಥಶಾಸ್ತ್ರಜ್ಞರು ಎಂದು ಜನ ತಿಳಿದಿದ್ದಾರೆ. ಹಾಗೆ ತಿಳಿದವರು ಬೆಂಗಳೂರಿನಲ್ಲಿ ಆಗಾಗ ನಡೆಯುವ ಯುವ ಸಂಶೋಧಕರ ಸಮ್ಮೇಳನಕ್ಕೆ ಒಮ್ಮೆ ಬಂದು ಹಿಂದಿನ ಸಾಲಿನಲ್ಲಿ ಕೂರಬೇಕು. ಬೇಡಿಕೆ, ಪೂರೈಕೆ, ಬೆಲೆ ಎಲ್ಲ ಪರದೆಯ ಮೇಲೆ. ಪರದೆಯಿಂದ ಈಚೆಗೆ ಅಪ್ಪಟ ನ್ಯಾಯಬೆಲೆ ಅಂಗಡಿ.

ಮೊದಲ ಪಡಿತರ ಸಮಯದ್ದು. ಹಳ್ಳಿಹಳ್ಳಿ ಅಲೆದು ಸ್ವಸಹಾಯ ಸಂಘಗಳ ಸಾಲದ ಲೆಕ್ಕ ಬರೆದುಕೊಂಡು ಬಂದ ಹುಡುಗಿಗೂ ಹದಿನೈದೇ ನಿಮಿಷ, ಹಾಸ್ಟೆಲ್ಲಿನಲ್ಲಿ ಕೂತು ದತ್ತಾಂಶ ಇಳಿಸಿಕೊಂಡ ಹುಡುಗನಿಗೂ ಅಷ್ಟೇ. ಸ್ವಯಂಸೇವಕ ‘ಐದು ನಿಮಿಷ’ದ ಚೀಟಿ ಎತ್ತಿದಾಗ ಹುಡುಗಿ ಇನ್ನೂ ಪೀಠಿಕೆಯಲ್ಲೇ ಇದ್ದಳು. ಆಮೇಲೆ ಸ್ಲೈಡುಗಳು ಓಡಿದವು. ಕನ್ನಡಕವಿದ್ದರೂ ಕಾಣದಷ್ಟು ಸಣ್ಣಕ್ಷರದ ಕೋಷ್ಟಕವೊಂದು ಬಂದು, ಮೂರು ನಕ್ಷತ್ರ ತೋರಿಸಿ ಮಾಯವಾಯಿತು. ಶೇ 1ರ ಮಟ್ಟದಲ್ಲಿ ಗಣನೀಯ ಎಂಬುದಕ್ಕೆ ಅದು ಗುರುತು. ಅಷ್ಟು ಕಂಡರೆ ಸಭೆಗೆ ಸಮಾಧಾನ.

ಪ್ರಶ್ನೆಗಳ ಹಂಚಿಕೆ ಹಿರಿತನದ ಮೇಲೆ. “ಇದು ಪ್ರಶ್ನೆಯಲ್ಲ, ಒಂದು ಅನಿಸಿಕೆ” ಎಂದು ಎದ್ದ ಹಿರಿಯರೊಬ್ಬರು ನೇರ ವಿ.ಕೆ.ಆರ್.ವಿ. ರಾವ್ ಅವರ ಹತ್ತಿರ ಹೋದರು. ಹೋಗಬೇಕಾದದ್ದೇ ಅನ್ನಿ; ನಾಗರಭಾವಿಯ ಸಂಶೋಧನಾ ಸಂಸ್ಥೆ ಐಸೆಕ್ ಅನ್ನು 1972ರಲ್ಲಿ ಕಟ್ಟಿದ ರಾವ್, ಮೂವತ್ತು ತುಂಬುವ ಮೊದಲೇ ಬ್ರಿಟಿಷ್ ಇಂಡಿಯಾದ ವರಮಾನದ ಲೆಕ್ಕ ಹಾಕಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದವರು. “ಅವರ ಹತ್ತಿರ ಕಂಪ್ಯೂಟರ್ ಇತ್ತೇನಮ್ಮಾ?” “ಇಲ್ಲ ಸರ್.” ಉಳಿದ ಅರ್ಧ ನಿಮಿಷದಲ್ಲಿ ಯಾರೋ ಎಲ್ಲರೂ ಹೆದರುವ ಪ್ರಶ್ನೆ ಎಸೆದರು: ಸಂಘ ಸೇರಿ ಹೆಂಗಸರು ಗಟ್ಟಿಯಾದರೋ, ಗಟ್ಟಿಗಿತ್ತಿಯರೇ ಸಂಘ ಸೇರಿದರೋ? ಅಷ್ಟರಲ್ಲಿ ಗಂಟೆ.

ಊಟಕ್ಕೆ ಸರದಿ ಸಾಲು. ಅಲ್ಲೂ ಯಾರೂ ತಮ್ಮ ಜಾಗ ಹರಾಜಿಗಿಡಲಿಲ್ಲ. ತಟ್ಟೆ ಹಿಡಿದು ಮಂಕಾಗಿದ್ದ ಹುಡುಗಿಗೆ ಧಾರವಾಡ ಕಡೆಯ ಹುಡುಗನೊಬ್ಬ, “ಸಂಘ ಎಲ್ಲಾ ತಾಲೂಕಿಗೂ ಒಮ್ಮೆಗೇ ಬಂದಿಲ್ಲಲ್ರೀ? ಮೊದಲ ಬಂದದ್ದು, ತಡಾ ಬಂದದ್ದು ಹೋಲಿಸಿ ನೋಡ್ರಿ” ಎಂದು ಕೈ ಒರೆಸುವ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದ. ಗೆರೆಗಳು ಅಗಲುವ ಕಡೆ ಸಾಂಬಾರಿನ ಕಲೆ. ಆಕೆ ಅದನ್ನು ಮಡಚಿ ಲ್ಯಾಪ್‌ಟಾಪ್ ಚೀಲಕ್ಕೆ ಸೇರಿಸಿದಳು. ಇಡೀ ದಿನದಲ್ಲಿ ಅತ್ಯಂತ ಬೆಲೆಬಾಳುವ ಸರಕು ಬಿಟ್ಟಿಯಾಗಿ ಕೈಬದಲಾಯಿತು. ಯಾರ ಅಧ್ಯಕ್ಷತೆಯೂ ಬೇಕಾಗಲಿಲ್ಲ.

ಸಮಾರೋಪದಲ್ಲಿ ಸಾಂತ್ವನದ ಪಡಿತರ. ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಜಾರ್ಜ್ ಅಕರ್ಲಾಫ್ ಬರೆದ ಪ್ರಬಂಧವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದವು. ನಾಲ್ಕನೆಯದು 1970ರಲ್ಲಿ ಅಚ್ಚು ಹಾಕಿತು. 2001ರಲ್ಲಿ ನೊಬೆಲ್ ಬಂತು. ತಿರಸ್ಕಾರದ ಪತ್ರ ಜೇಬಿನಲ್ಲಿದ್ದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಕೊನೆಗೆ ಪ್ರಮಾಣಪತ್ರ. ಅಕರ್ಲಾಫ್ ಜೊತೆ ನೊಬೆಲ್ ಹಂಚಿಕೊಂಡ ಮೈಕಲ್ ಸ್ಪೆನ್ಸ್ 1973ರಲ್ಲೇ ತೋರಿಸಿದ್ದರು: ಪದವಿಯೊಂದು ಯೋಗ್ಯತೆಯ ಸೂಚನೆಯಾಗಬೇಕಾದರೆ ಅದನ್ನು ಗಳಿಸುವುದು ಯೋಗ್ಯರಿಗಿಂತ ಉಳಿದವರಿಗೆ ಹೆಚ್ಚು ದುಬಾರಿಯಾಗಬೇಕು. ಬಂದವರಿಗೆಲ್ಲ ಹಂಚಿದ ಈ ಹಾಳೆ ಆ ಲೆಕ್ಕದಲ್ಲಿ ಬರೀ ಕಾಗದ. ಆದರೂ ಸ್ಪೆನ್ಸ್‌ನನ್ನು ಅರೆದು ಕುಡಿದವರೆಲ್ಲ ಅದನ್ನು ಎದೆಯ ಮುಂದೆ ಹಿಡಿದು ಫೋಟೋಗೆ ನಿಂತರು. ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದವನಂತೂ ಹೊಸದು ಪ್ರಿಂಟಾಗುವ ತನಕ ಬಸ್ಸು ಹೊರಡಲು ಬಿಡಲಿಲ್ಲ.