ದಾಸ್ತಾನಪ್ಪನವರ ಅಟ್ಟ

ಮಂಡ್ಯದ ಪೇಟೆ ಬೀದಿಯಲ್ಲಿ ಬೆಳಿಗ್ಗೆ ಕಿರಾಣಿ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಒಬ್ಬರು ಕೈಯಲ್ಲಿ ಎರಡು ಚೀಲ ಹಿಡಿದು ನಿಂತಿದ್ದರೆ, ರಾತ್ರಿ ಟಿವಿಯಲ್ಲಿ ಏನೋ ಸುದ್ದಿ ಬಂದಿದೆ ಎಂದೇ ಲೆಕ್ಕ. ಇವರನ್ನು ದಾಸ್ತಾನಪ್ಪ ಎಂದು ಕರೆಯೋಣ. ಮಂಡ್ಯಕ್ಕೆ ಮಾತ್ರ ಸೇರಿದವರಲ್ಲ. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಬೀದಿಗೊಬ್ಬರಂತೆ ಸಿಗುತ್ತಾರೆ. ಮೇಷ್ಟರಾಗಿಯೋ, ನೀರಾವರಿ ಇಲಾಖೆಯಲ್ಲೋ ಸೇವೆ ಮುಗಿಸಿದವರು. ತಿಂಗಳಿಗೊಮ್ಮೆ ಪಿಂಚಣಿ, ದಿನವಿಡೀ ಟಿವಿ, ಅಡುಗೆಮನೆಯ ಮೇಲೊಂದು ಅಟ್ಟ. ಈ ಮೂರೂ ಕೂಡಿಬಂದ ಮೇಲೆ ಮನುಷ್ಯ ಸುಮ್ಮನೆ ಕೂರುವುದು ಕಷ್ಟ.

‘ಏನ್ ಸಾರ್, ಮನೇಲಿ ಮದ್ವೆ ಗಿದ್ವೆ ಐತಾ?’ ಅಂಗಡಿಯವನು ಕೇಳುತ್ತಾನೆ.

‘ಮದ್ವೆ ಅಲ್ಲ ಕನಪ್ಪ, ಯುದ್ಧ.’

‘ಯಾರ್ ಮೇಲೆ ಸಾರ್?’

‘ಉಕ್ರೇನ್ ಮೇಲೆ. ಅದೆಲ್ಲ ನಿಂಗ್ಯಾಕೆ, ಎಣ್ಣೆ ಎರಡು ಟಿನ್ ಎತ್ತಿಡು ಮೊದ್ಲು.’

ನಗುವ ಮುಂಚೆ ಒಂದು ಮಾತು ಒಪ್ಪಿಕೊಳ್ಳಬೇಕು: ಅವರ ಭಯಕ್ಕೆ ಬುಡವಿಲ್ಲದೇ ಇಲ್ಲ. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವಂಥದ್ದು. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬರುವ ದಾರಿ ಕಟ್ಟಿತು. ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನೂ ನಿಲ್ಲಿಸಿತು. ದಾಸ್ತಾನಪ್ಪನವರು ಕಂಡ ಬೆಂಕಿ ನಿಜವಾದ ಬೆಂಕಿಯೇ. ಆದರೆ ಇಂಡೋನೇಷ್ಯಾ ಮೇ 23ಕ್ಕೆ ನಿಷೇಧ ತೆಗೆದುಹಾಕಿದ್ದನ್ನು ಅವರಿಗೆ ಯಾರೂ ಹೇಳಲಿಲ್ಲ. ಬರುವುದಿಲ್ಲ ಎಂಬ ಸುದ್ದಿಯನ್ನು ಮೂರು ದಿನ ತೋರಿಸುವ ಟಿವಿ, ಬಂತು ಎಂಬ ಸುದ್ದಿಯನ್ನು ಅಡಿಯಲ್ಲಿ ಓಡುವ ಒಂದು ಸಾಲಿನಲ್ಲಿ ಮುಗಿಸುತ್ತದೆ. ಆ ವರ್ಷದ ಕೊನೆಗೆ ಎಣ್ಣೆಯ ಬೆಲೆ ಇಳಿದಿತ್ತು. ಅಟ್ಟದ ಟಿನ್ನು ಮಾತ್ರ ಏರಿದ ಬೆಲೆಯದೇ. ಮುಂದಿನ ಯುಗಾದಿಗೆ ಅದನ್ನು ಒಡೆದು ಒಬ್ಬಟ್ಟು ಬೇಯಿಸಹೊರಟಾಗ ಬಂದ ಕಮಟು ವಾಸನೆಗೆ, ‘ಹೊರದೇಶದ ಎಣ್ಣೆ, ಹಂಗೇ ಇರ್ತದೆ’ ಎಂದು ಅವರೇ ಸಮಾಧಾನ ಹೇಳಿದರು.

ಮದ್ದೂರಿನ ದಾಸ್ತಾನಪ್ಪನವರದು ಈರುಳ್ಳಿಯ ಕಥೆ. ರವೆ, ಮೈದಾ, ಅಕ್ಕಿಹಿಟ್ಟು ಎಷ್ಟೇ ಇದ್ದರೂ ಈರುಳ್ಳಿಯಿಲ್ಲದೆ ಮದ್ದೂರು ವಡೆಯಿಲ್ಲ. ಹಾಗಾಗಿ ಈರುಳ್ಳಿ ಬೆಲೆ ಏರಿದರೆ ಈ ಊರಿಗೆ ಮಾನದ ಪ್ರಶ್ನೆ. 2019ರ ಮಳೆಗೆ ಕರ್ನಾಟಕ, ಮಹಾರಾಷ್ಟ್ರಗಳ ಬೆಳೆ ಹೊಲದಲ್ಲೇ ಕೊಳೆಯಿತು. ಸೆಪ್ಟೆಂಬರ್ ಕೊನೆಗೆ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿ, ಬೆಂಗಳೂರಿನಲ್ಲಿ ಇನ್ನೂರನ್ನೂ ಮುಟ್ಟಿತು. ಸೆಪ್ಟೆಂಬರ್‌ನಲ್ಲಿ ಸುಮ್ಮನಿದ್ದ ನಮ್ಮವರು ಕೊಂಡದ್ದು ಯಾವಾಗ? ಡಿಸೆಂಬರ್‌ನಲ್ಲಿ, ಅರ್ಧ ಮೂಟೆ. ಬೆಲೆ ನೆತ್ತಿಗೇರಿದ ದಿನ ನೋಡಿಯೇ ಕೊಳ್ಳುವುದು ಈ ಜಾತಕದವರ ಮುಖ್ಯ ಲಕ್ಷಣ. ಮಂಚದ ಕೆಳಗೆ ಹರಡಿದ ಆ ಈರುಳ್ಳಿಗೆ ಸಂಕ್ರಾಂತಿ ಹೊತ್ತಿಗೆ ಹಸಿರು ಮೊಳಕೆ ಬಂದಿತ್ತು. ಅಷ್ಟರಲ್ಲಿ ಟರ್ಕಿ, ಈಜಿಪ್ಟ್‌ಗಳ ಈರುಳ್ಳಿ ಬಂದು, ಹೊಸ ಬೆಳೆಯೂ ಸೇರಿ ಪೇಟೆಯ ಬೆಲೆ ಇಳಿಯತೊಡಗಿತ್ತು. ಮನೆಯವರು ದಿನಾ ಈರುಳ್ಳಿ ಹೂವಿನ ಪಲ್ಯ ಮಾಡಿ ಹಾಕಿದರು.

ಹಾಲಿನ ವಿಷಯದಲ್ಲಂತೂ ಕ್ಷಮೆಯಿಲ್ಲ. ಕಾವೇರಿ ನೀರಿಗಾಗಿ 2023ರ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು; 29ಕ್ಕೆ ಇಡೀ ಕರ್ನಾಟಕವೇ ಬಂದ್. ಹಿಂದಿನ ಸಂಜೆ ದಾಸ್ತಾನಪ್ಪನವರು ಹತ್ತು ಪ್ಯಾಕೆಟ್ ಹಾಲು ತಂದರು. ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ನ ಡೈರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ; ಊರೂರಲ್ಲೂ ಹಾಲಿನ ಸೊಸೈಟಿ; ಮನೆ ಹಿಂದಿನ ಬೀದಿಯಲ್ಲೇ ಸೀಮೆಹಸು ಕಟ್ಟಿಕೊಂಡವರಿದ್ದಾರೆ. ಒಂದು ದಿನದ ಬಂದ್‌ಗೆ ಈ ಜಿಲ್ಲೆಯಲ್ಲಿ ಹಾಲು ಬತ್ತೀತೆಂದು ಹೆದರುವುದಕ್ಕೆ ವಿಶೇಷ ಪ್ರತಿಭೆಯೇ ಬೇಕು. ರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ಅವರ ಮನೆಯವರು, ‘ಅಷ್ಟೂ ಒಡ್ದೋಗದೆ. ತಂದೋರು ನೀವೇ ಕುಂತ್ಕೊಂಡು ಸೋಸಿ’ ಎಂದು ಪಾತ್ರೆ ಮುಂದಿಟ್ಟರು. ಹೊರಗೆ ನೀರಿಗಾಗಿ ಘೋಷಣೆ; ಒಳಗೆ ಪನೀರು.

ಇಷ್ಟಾದರೂ ಇವರಿಗೊಂದು ಸುವರ್ಣಕಾಲ ಬಂದಿತ್ತು ಎನ್ನುವುದನ್ನು ಮುಚ್ಚಿಡಬಾರದು. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಯ ಭಾಷಣ, ಮಧ್ಯರಾತ್ರಿಯಿಂದ 21 ದಿನಗಳ ಲಾಕ್‌ಡೌನ್. ಬೀದಿಯವರೆಲ್ಲ ಅಂಗಡಿಗೆ ಓಡುತ್ತಿರುವಾಗ ದಾಸ್ತಾನಪ್ಪನವರು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಏಪ್ರಿಲ್‌ನಲ್ಲಿ ಮಳವಳ್ಳಿ ಪಟ್ಟಣದ ಕೆಲವು ಬಡಾವಣೆಗಳನ್ನು ಬಿದಿರು ಕಟ್ಟಿ ಮುಚ್ಚಿದಾಗ, ಬೇಳೆ ಮುಗಿದ ಮನೆಗಳವರು ಹಿತ್ತಲ ಗೋಡೆಯಾಚೆಯಿಂದ ‘ಅಣ್ಣ, ವಸಿ ತೊಗರಿಬೇಳೆ...’ ಎಂದರು. ಅಣ್ಣ ಕೊಟ್ಟರು. ಸೇರಿಗೆ ಸೇರು ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೊಟ್ಟರು. ಆ ಗೆಲುವೇ ಅವರನ್ನು ಕೆಡಿಸಿತು. ಒಂದು ಸಲ ನಿಜವಾದ ಭವಿಷ್ಯ ಹೇಳಿದ ಜೋಯಿಸರನ್ನು ಆಮೇಲೆ ತಡೆಯುವವರು ಯಾರು?

ಇದು ಇಲ್ಲಿಯ ಮಣ್ಣಿನ ಗುಣ ಮಾತ್ರ ಎಂದುಕೊಳ್ಳಬೇಡಿ. ಅದೇ ವರ್ಷದ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದವರು ಟಾಯ್ಲೆಟ್ ಪೇಪರಿಗೆ ಮುಗಿಬಿದ್ದು, ಅಂಗಡಿಗಳು ತಲೆಗಿಷ್ಟೇ ಎಂದು ಮಿತಿ ಹಾಕಿದವು. ಚೊಂಬು ಹಿಡಿದು ಬೆಳೆದ ನಮ್ಮವರಿಗೆ ಆ ಸುದ್ದಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸೋನಾ ಮಸೂರಿಗಾಗಿ ಸಾಲು ನಿಂತಿತು; ಕೆಲವೆಡೆ ಕುಟುಂಬಕ್ಕೆ ಒಂದೇ ಚೀಲ ಎಂಬ ಚೀಟಿ. ಟೆಕ್ಸಾಸಿನ ಅಳಿಯ ಫೋನು ಮಾಡಿ, ‘ಮಾವ, ನಾನು ಒಂದು ಚೀಲ, ಇವಳು ಬೇರೆ ಸಾಲಲ್ಲಿ ನಿಂತು ಇನ್ನೊಂದು’ ಎಂದಾಗ ದಾಸ್ತಾನಪ್ಪನವರ ಕಣ್ಣು ತುಂಬಿಬಂತು. ಮದುವೆಯಲ್ಲಿ ಕೂಡ ಅಳಿಯನನ್ನು ಅಷ್ಟು ಮೆಚ್ಚಿರಲಿಲ್ಲ.

ಕಾನೂನು ಇವರ ತಂಟೆಗೆ ಬರುವುದಿಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆಯ ಕಣ್ಣಿರುವುದು ಗೋದಾಮಿನ ಮೇಲೆ. 2023ರ ಜೂನ್‌ನಲ್ಲಿ ತೊಗರಿ, ಉದ್ದಿನ ದಾಸ್ತಾನಿಗೆ ಮಿತಿ ಹಾಕಿದಾಗಲೂ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಎಂದಿತ್ತು. ಅಟ್ಟಕ್ಕೆ ಎಷ್ಟು ಎಂದು ಯಾವ ಆದೇಶವೂ ಹೇಳಿಲ್ಲ. ಆದರೆ ಅಂಗಡಿಯವನು ತರಿಸುವುದು ವಾರಕ್ಕಾಗುವಷ್ಟು. ಹತ್ತು ಜನ ದಾಸ್ತಾನಪ್ಪಂದಿರು ಒಂದೇ ಬೆಳಿಗ್ಗೆ ಮೂರು ಮೂರು ತಿಂಗಳದ್ದು ಹೊತ್ತೊಯ್ದರೆ ಮಧ್ಯಾಹ್ನಕ್ಕೆ ಡಬ್ಬ ಖಾಲಿ. ಸಂಜೆ ಅದೇ ಖಾಲಿ ಡಬ್ಬ ತೋರಿಸಿ, ‘ನೋಡ್ದಾ, ನಾನ್ ಹೇಳಿರ್ನಿಲ್ವಾ?’ ಎನ್ನುತ್ತಾರೆ.

ಕೆಣಕಿದರೆ ಅವರು ತಾತನ ಹಗೇವು ತೆಗೆಯುತ್ತಾರೆ. ‘ನಮ್ ತಾತ ಮೂರು ವರ್ಷದ ರಾಗಿ ಮಡಗಿದ್ದ, ಗೊತ್ತಾ?’ ನಿಜ, ಮಡಗಿದ್ದರು. 1876–78ರ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ಅಳಿದುಹೋಯಿತು. ಅದರ ನೆನಪು ಮನೆಮನೆಯಲ್ಲೂ ಉಳಿದಿತ್ತು. ಹಗೇವಿಗೆಂದು ನೆಲ ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಹುಳು ಬೀಳದೆ ಇರುತ್ತಿತ್ತು. ತೆರೆದ ತಕ್ಷಣ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಪ್ರಾಣವೇ ಹೋದೀತೆಂದು ಕಾದು, ಆಮೇಲೆ ಇಳಿಯುತ್ತಿದ್ದರು. ಆದರೆ ತಾತ ತುಂಬಿದ್ದು ತಾನೇ ಬೆಳೆದ ಕಾಳನ್ನು, ಕಣದಲ್ಲಿ ರಾಶಿ ಬಿದ್ದ ಸುಗ್ಗಿಯಲ್ಲಿ. ಮೊಮ್ಮಗ ತುಂಬುವುದು ಪ್ಯಾಕೆಟ್ ರವೆಯನ್ನು, ಪೇಟೆ ಬರಿದಾದ ದಿನ. ಅಟ್ಟದಲ್ಲಿ ಏನೆಲ್ಲ ಇದೆಯೋ, ರಾಗಿಯೊಂದು ಇಲ್ಲ. ‘ಮಂಡ್ಯದಲ್ಲಿ ರಾಗಿಗೇನ್ ಬರ?’ ಎಂದು ವಾರಕ್ಕೆರಡು ಕಿಲೋ ಹಿಟ್ಟು ತರುತ್ತಾರೆ.

ಉಪ್ಪಂತೂ ಇದೆ. ನೋಟು ರದ್ದಾದ 2016ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ, ದಿಲ್ಲಿಯ ಕಡೆ ಉಪ್ಪು ಮುಗಿಯಿತೆಂಬ ಗಾಳಿಸುದ್ದಿ ಎದ್ದು, ಕಿಲೋಗೆ ನಾನೂರು ರೂಪಾಯಿ ಅಂತೆ ಎಂದು ಹಬ್ಬಿತು. ಉಪ್ಪು ತಯಾರಿಸುವುದರಲ್ಲಿ ಭಾರತ ಜಗತ್ತಿನ ಮೊದಲ ಸಾಲಿನ ದೇಶ, ಕೊರತೆಯೇ ಇಲ್ಲ ಎಂದು ಸರ್ಕಾರ ಹೇಳಿತು. ದಾಸ್ತಾನಪ್ಪನವರು ಸರ್ಕಾರ ಹೇಳಿತೆಂದ ಮೇಲೆ ಖಂಡಿತ ಏನೋ ಇದೆ ಎಂದುಕೊಂಡು ಮೂಟೆ ತಂದರು, ಅದೂ ಸಾಲದ ಮೇಲೆ. ಕೈಯಲ್ಲಿದ್ದ ಐನೂರರ ನೋಟು ಅಂಗಡಿಯವನು ಮುಟ್ಟಲಿಲ್ಲ. ಉಪ್ಪು ಕೆಡುವುದಿಲ್ಲ, ತೇವಕ್ಕೆ ಅಯೋಡಿನ್ ಮಾತ್ರ ಕಡಿಮೆಯಾಗುತ್ತದೆ. ಆದ್ದರಿಂದ ಮುಂದಿನ ಸಲ ಉಪ್ಪು ಸಿಗುವುದಿಲ್ಲವಂತೆ ಎಂಬ ಸಂದೇಶ ನಿಮ್ಮ ಮೊಬೈಲಿಗೆ ಬಂದರೆ ಪೇಟೆಗೆ ಓಡಬೇಡಿ. ನಿಮ್ಮ ಬೀದಿಯ ದಾಸ್ತಾನಪ್ಪನವರ ಬಾಗಿಲು ತಟ್ಟಿ. ಹೋಗುವಾಗ ಗಟ್ಟಿ ಒಡೆಯಲು ಒಂದು ಕಲ್ಲುಗುಂಡು ತೆಗೆದುಕೊಂಡು ಹೋಗಿ.