ಅನುಭವ ಸೊನ್ನೆ

ನಮ್ಮ ಸೋದರಮಾವ ಕೆಎಸ್‌ಆರ್‌ಟಿಸಿಯಲ್ಲಿ 31 ವರ್ಷ ಸ್ಟೇರಿಂಗ್ ಹಿಡಿದವರು. ಎದುರಿನ ಟ್ಯಾಂಕರ್ ಕಾಣದ ಮಂಜಿನಲ್ಲಿ, ಆಷಾಢದ ಮಳೆಯಲ್ಲಿ, ಶಿರಾಡಿ ಘಾಟಿ ಇಳಿಸಿ ಬಸ್ಸನ್ನು ಮಂಗಳೂರಿಗೆ ಮುಟ್ಟಿಸಿದವರು. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಬೆಳ್ಳಿ ಪದಕ ಬೇರೆ.

ಫ್ರೀಮಾಂಟ್‌ನ ನಮ್ಮ ಮನೆಗೆ ಬಂದ ಮೂರನೇ ದಿನವೇ ಗ್ಯಾರೇಜಿಗೆ ಹೋಗಿ, ಟೈರುಗಳಿಗೆ ಒಂದೊಂದು ಒದೆ ಕೊಟ್ಟು, "ಕೆಎಂಪಿಎಲ್ ಎಷ್ಟು ಬರುತ್ತೋ?" ಅಂದರು. ಆರು ತಿಂಗಳು ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುವ ಆಸಾಮಿಯಲ್ಲ ಎಂದು ಆಗಲೇ ಗೊತ್ತಾಯಿತು.

ಕಾನೂನೇನೋ ಮಾವನ ಕಡೆಗೇ ಇತ್ತು. ಕ್ಯಾಲಿಫೋರ್ನಿಯಾಕ್ಕೆ ನೆಂಟರಾಗಿ ಬಂದವರು 18 ದಾಟಿದ್ದು, ಊರಿನ ಡಿಎಲ್ ಚಾಲ್ತಿಯಲ್ಲಿದ್ದರೆ ಗಾಡಿ ಓಡಿಸಬಹುದು. ಇನ್ಶೂರೆನ್ಸೂ ಸಾಮಾನ್ಯವಾಗಿ ಕಾರಿಗೇ ಅಂಟಿಕೊಂಡಿರುತ್ತದೆ. ಎಂದೋ ಒಂದು ದಿನ ಕೀಲಿ ಕೊಟ್ಟರೆ ತಕರಾರಿಲ್ಲ. ಆದರೆ ತಿಂಗಳುಗಟ್ಟಲೆ ಮನೆಯಲ್ಲೇ ಉಣ್ಣುವವರ ಹೆಸರು ಮುಚ್ಚಿಟ್ಟರೆ, ಗುದ್ದಿದ ದಿನ ಕಂಪನಿ ಕೈ ಎತ್ತಿಬಿಡಬಹುದು.

"ಥರ್ಡ್ ಪಾರ್ಟಿ ಸಾಕು ಬಿಡೋ" ಅಂದರು ಮಾವ. 2025ರಿಂದ ಇಲ್ಲಿನ ಕನಿಷ್ಠ ವಿಮೆ ಎಂದರೆ ಒಬ್ಬರ ಗಾಯಕ್ಕೆ 30,000 ಡಾಲರ್, ಆಸ್ತಿ ನಷ್ಟಕ್ಕೆ 15,000. ನಮ್ಮ ಬೀದಿಯಲ್ಲಿ ನಿಂತಿರುವ ಕಾರುಗಳನ್ನು ನೋಡಿದರೆ ಅದು ಒಂದು ಸೀನಿಗೂ ಸಾಲದು. ಫೋನ್ ಮಾಡಿದೆ.

"ಅಮೆರಿಕದಲ್ಲಿ ಎಷ್ಟು ವರ್ಷ ಓಡಿಸಿದ್ದಾರೆ?" ಏಜೆಂಟಮ್ಮನ ದನಿ ಜೇನು.

"ಇಲ್ಲಿ ಇಲ್ಲ. ಆದರೆ 31 ವರ್ಷ ಬಸ್ಸು..."

"ಅಂದರೆ ಸೊನ್ನೆ." ಕೀಬೋರ್ಡು ಟಕ್ ಅಂತು.

"ಏನಂತಾಳೋ?"

"ಹೊಸ ಡ್ರೈವರ್ ಅಂತೆ, ಮಾವ."

ಮಾವ ಎದ್ದು ಹೋಗಿ, ಯಾಕೆ ಹೊತ್ತು ತಂದಿದ್ದರೋ, ಸೂಟ್‌ಕೇಸಿನಿಂದ ಆ ಬೆಳ್ಳಿ ಪದಕ ತೆಗೆದು ಫೋನಿನ ಮುಂದೆ ಹಿಡಿದರು. ಇದು ವಿಡಿಯೋ ಕಾಲ್ ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಫ್ರೀವೇಗೆ ಸೇರುವಾಗ ಇಂದಿಗೂ ರಾಯರನ್ನು ನೆನೆಯುವ ನಾನು ಇಲ್ಲಿ 'ಗುಡ್ ಡ್ರೈವರ್'. 1988ರಲ್ಲಿ ಜನರೇ ಓಟು ಹಾಕಿ ತಂದ ಕಾನೂನಿನಂತೆ ನನಗೆ 20 ಪರ್ಸೆಂಟ್ ರಿಯಾಯಿತಿ. ನನಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಲೆಗೆ ಮೊಟಕಿ ಕಲಿಸಿದವರು ಹೊಸಬರು! ಅವರ ಹೆಸರು ಸೇರಿದ್ದೇ ತಡ, ಪ್ರೀಮಿಯಂ ಘಾಟಿ ಹತ್ತಿತು.

ಭಾನುವಾರ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟೆವು. ಮಾವ ಕನ್ನಡಿ ತಿರುಗಿಸಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಹಾಗೇ ಕೂತುಬಿಟ್ಟರು.

"ಯಾಕೆ ಮಾವ?"

"ರಿವರ್ಸ್ ತೆಗೀಬೇಕಲ್ಲೋ. ಇಳಿ."

"ಕ್ಯಾಮೆರಾ ಇದೆ ಮಾವ."

"ಕ್ಯಾಮೆರಾ ರೈಟ್ ಹೇಳುತ್ತೇನೋ?"

ಇಳಿದೆ. ಎದುರುಮನೆಯವರು ನಾಯಿ ಹಿಡಿದು ನೋಡುತ್ತಿದ್ದಂತೆಯೇ, "ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ, ಹೋಲ್ಡಾನ್!" ಎಂದು ಕೂಗಿದೆ. ಗೆರೆ ಎಳೆದಂತೆ ಕಾರು ಬೀದಿಗೆ ಬಂತು. ಖುಷಿಯ ಭರದಲ್ಲಿ "ರೈಟ್, ರೈಟ್" ಎಂದು ಬಾಗಿಲಿಗೆ ಎರಡು ಬಡಿದೆ. ಕೈಯಲ್ಲಿ ಸ್ಟೀಲಿನ ಕಾಫಿ ಫ್ಲಾಸ್ಕ್ ಇತ್ತು.

ಆರು ತಿಂಗಳಲ್ಲಿ ಆ ಕಾರಿಗೆ ಬಿದ್ದ ಪೆಟ್ಟು ಅದೊಂದೇ. ಕ್ಲೇಮ್ ಫಾರಂ ತೆರೆದು ನೋಡಿದೆ. ಡ್ರೈವರ್ ಯಾರು ಎಂದು ಕೇಳಿದ್ದರು. ಕಂಡಕ್ಟರನಿಗೆ ಜಾಗವೇ ಇರಲಿಲ್ಲ.