ತಲೆಯ ಮೇಲೊಂದು ದೋಣಿ

ಕಾರುಗಳ ನಂಬರು ಫಲಕದ ಮೇಲೂ '10,000 ಸರೋವರಗಳು' ಎಂದು ಅಚ್ಚೊತ್ತಿಸಿ ಮೆರೆಯುವ ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ನೆಲೆಸಿದ ಮೇಲೆ, ಕಯಾಕ್ ಎಂಬ ಕಿರುದೋಣಿಯಿಲ್ಲದೆ ಬಾಳುವುದು ನೆರೆಹೊರೆಯವರ ದೃಷ್ಟಿಯಲ್ಲಿ ಅನಾಗರಿಕತೆಯೆನಿಸುವುದರಿಂದ, ನಾನೂ ಒಂದನ್ನು ಕೊಂಡೆನು. ದೋಣಿಯ ಉದ್ದ 12 ಅಡಿ. ನನ್ನ ಪುಟ್ಟ ಕಾರಿನ ಛಾವಣಿ ಅದರ ಅರ್ಧಕ್ಕೂ ಸಾಲದು. ನೀರಿನಲ್ಲಿ ನನ್ನನ್ನು ಹೊರಬೇಕಾದುದನ್ನು ನೆಲದ ಮೇಲೆ ನಾನು ಹೊರಬೇಕಾದ ವಿಧಿವಿಲಾಸವನ್ನು ನೆನೆಯುತ್ತ, ಛಾವಣಿಯ ಮೇಲೆ ದೋಣಿಯನ್ನು ಹೊರುವ ಕಂಬಿಗಳನ್ನು ಕೊಳ್ಳಲು ಅಂಗಡಿಯನ್ನು ಹೊಕ್ಕರೆ, ಅಲ್ಲಿಯ ತರುಣನು ಜಾತಕ ಕೂಡಿಸುವ ಜೋಯಿಸನಂತೆ ಕಾರಿನ ಜನ್ಮವರ್ಷ, ಕುಲಗೋತ್ರ, ಛಾವಣಿಯ ಸಾಮುದ್ರಿಕ ಲಕ್ಷಣಗಳನ್ನೆಲ್ಲ ವಿಚಾರಿಸಿ, ಅಡ್ಡಕಂಬಿ ದುಂಡಗಿರಬೇಕೋ, ಚೌಕವೋ, ರೆಕ್ಕೆಯಾಕಾರದ್ದೋ, ದೋಣಿಯನ್ನು ಬೋರಲು ಮಲಗಿಸುವಿರೋ, ಜೆ ಆಕಾರದ ತೊಟ್ಟಿಲಲ್ಲಿ ಪಕ್ಕಕ್ಕೆ ಒರಗಿಸುವಿರೋ ಎಂಬ ಪ್ರಶ್ನಪರಂಪರೆಯಿಂದ ನನ್ನನ್ನು ನಿರುತ್ತರನನ್ನಾಗಿಸಿದನು. ಬೆಲೆಯ ಚೀಟಿಯನ್ನು ತಿರುಗಿಸಿ ನೋಡಿದ ಮನೆಯಾಕೆ, "ಅಲ್ಲಾರೀ, ಈ ದುಡ್ಡಿಗೆ ಇನ್ನೊಂದು ದೋಣಿಯೇ ಬರುತ್ತಿತ್ತಲ್ಲ!" ಎಂದಳು. ಗಣಿತ ನಿರ್ದುಷ್ಟವಾಗಿತ್ತು.

ಕಡೆಗೆ ತೊಟ್ಟಿಲನ್ನೇ ಆರಿಸಿ, ದೋಣಿಯನ್ನು ಪಟ್ಟಿಗಳಿಂದ ಬಿಗಿದು, ಅದರ ಮುಂತುದಿ ಹಿಂತುದಿಗಳನ್ನೂ ಹಗ್ಗದಿಂದ ಬಂಧಿಸಿ ಹೆದ್ದಾರಿಗಿಳಿದೊಡನೆ, ಬಿಗಿದ ಪಟ್ಟಿಗಳು ಗಾಳಿಗೆ ಗುಂಯ್ಯೆಂದು ಮೊರೆಯತೊಡಗಿ, ಒಳಗಿದ್ದವರ ಸಂಭಾಷಣೆ ಸಂಜ್ಞೆಗಳಿಗಿಳಿಯಿತು. ಪಟ್ಟಿಯನ್ನು ಒಂದೆರಡು ಸಲ ತಿರುಚಿ ಕಟ್ಟಿದರೆ ಆ ಮೊರೆತವಡಗುವುದೆಂಬ ರಹಸ್ಯವನ್ನು ಪೆಟ್ರೋಲು ಬಂಕಿನಲ್ಲಿ ನಿಂತಿದ್ದ ವೃದ್ಧರೊಬ್ಬರು, ಕೇಳದೆಯೇ, ಕರುಣಿಸಿದರು.

ಕೊಳ್ಳಲಿರುವವರಲ್ಲಿ ಬಿನ್ನಹವಿಷ್ಟೆ: ಛಾವಣಿ ತಾಳುವ ಭಾರವೆಷ್ಟೆಂಬುದನ್ನು ಕಾರಿನ ಕೈಪಿಡಿಯಲ್ಲಿ ಮೊದಲು ನೋಡಿರಿ, ಕಂಬಿಗಳ ತೂಕವೂ ಅದರಲ್ಲೇ ಸೇರುತ್ತದೆ. ದೋಣಿಯ ಮಾತು ಆಮೇಲೆ.